ನಮಿರೆಂಬೆಯ ಬಾಳೆಬುಡ

ಪೆರೆಪೆತ್ವಾ ನಬುಕೇರಳ ಬಗ್ಗೆ ಈಗ ಊರಿನಲ್ಲಿ ಎಲ್ಲರೂ ಒಳ್ಳೆಯ ಮಾತನ್ನೇ ಆಡುತ್ತಾರೆ. ಸತ್ತವರ ಮೇಲೆ ಮಣ್ಣು ಬೀಳುವುದೇ ತಡ, ನಮ್ಮ ನಾಕಿಟೋಕೆಯ ಜನರ ಬಾಯಿ ಸಿಹಿಯಾಗಿಬಿಡುತ್ತದೆ. ಪಾದ್ರಿಯಂತೂ ಅವಳನ್ನು ಈ ಸೀಮೆಯ ತೋಟಗಳಿಗೆಲ್ಲ ತಾಯಿ ಎಂದುಬಿಟ್ಟ. ನಾನು ಹಾಗೆ ಹೇಳುವವಳಲ್ಲ. ನಲವತ್ತು ವರ್ಷ ಅವಳ ಹಿತ್ತಿಲಿಗೂ ನನ್ನ ಹಿತ್ತಿಲಿಗೂ ನಡುವೆ ಇದ್ದದ್ದು ಒಂದು ಸಾಲು ಕಾಫಿಗಿಡ, ಅಷ್ಟೇ. ಅವಳ ಮೊಂಡುತನ ನನಗೆ ಗೊತ್ತು, ಅವಳು ಮಾಡಿದ ತಪ್ಪೂ ಗೊತ್ತು. ಎರಡು ವರ್ಷ ನಾನು ಅವಳೊಡನೆ ಮಾತು ಬಿಟ್ಟಿದ್ದೆ, ಅದನ್ನೂ ಮುಚ್ಚಿಡುವುದಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ.

ನಮ್ಮಲ್ಲಿ ಮಗು ಹುಟ್ಟಿದರೆ ಮಾಸನ್ನು ಬಾಳೆಯ ಬುಡದಲ್ಲಿ ಹೂಳುತ್ತೇವೆ. ಗಂಡಾದರೆ ಹೆಂಡ ಮಾಡುವ ಬಾಳೆ, ಹೆಣ್ಣಾದರೆ ಮಟೋಕೆ ಎನ್ನುವ ಅಡುಗೆಯ ಬಾಳೆ. ಅಂದಿನಿಂದ ಆ ಬುಡ ಆ ಮಗುವಿನ ಜೋಡಿ. ಅದರ ಗೊನೆಯನ್ನು ಮನೆಯ ಅಜ್ಜಿಯಂಥವರು ತಿನ್ನಬೇಕೇ ಹೊರತು ದಾರಿಹೋಕರ ಬಾಯಿಗೆ ಹೋಗಕೂಡದು. ಗೊನೆ ಬಿಟ್ಟ ಗಿಡ ಸಾಯುತ್ತದೆ, ಪಕ್ಕದಿಂದ ಕಂದು ಏಳುತ್ತದೆ, ಅದೂ ಸತ್ತು ಮತ್ತೊಂದು ಏಳುತ್ತದೆ. ಬುಡ ಮಾತ್ರ ಇದ್ದಲ್ಲೇ ಇರುತ್ತದೆ. ನನ್ನ ಆರು ಮಕ್ಕಳಿಗೆ ಆರು ಬುಡಗಳಿದ್ದವು. ದೊಡ್ಡವನು ಮುಲಿಂದ್ವ ಊರುಬಿಟ್ಟು ಲಾರಿ ಓಡಿಸಲು ಹೋದಾಗ, ಕಾಗದ ಬರದಿದ್ದರೆ ನಾನು ಅವನ ಬುಡವನ್ನು ನೋಡಿ ಬರುತ್ತಿದ್ದೆ. ಎಲೆ ಹಸಿರಾಗಿದ್ದರೆ ಸರಿ, ಅವನೂ ಚೆನ್ನಾಗಿದ್ದಾನೆ ಎಂದುಕೊಳ್ಳುತ್ತಿದ್ದೆ. ನಗುವವರು ನಗಲಿ.

ನಬುಕೇರಳಿಗೆ ಇದ್ದದ್ದು ಒಂದೇ ಬುಡ. ನಾಲ್ಕು ಸಲ ಹೊಟ್ಟೆಯಲ್ಲೇ ಕಳೆದುಕೊಂಡ ಮೇಲೆ ಹುಟ್ಟಿದ ಹೆಣ್ಣುಮಗು ನಮಿರೆಂಬೆ. ಅಯ್ಯೋ, ಎಂಥ ಬಾಯಿಬಡುಕಿ! ಬೆಳಗಾದರೆ ಕಾಫಿಸಾಲು ನುಸುಳಿ ನಮ್ಮ ಅಡುಗೆಮನೆಗೆ ಬರುತ್ತಿದ್ದಳು. "ದೊಡ್ಡಮ್ಮಾ, ನಮ್ಮನೇಲಿ ಇನ್ನೂ ಒಲೆ ಹಚ್ಚಿಲ್ಲ, ನಿಮ್ಮನೇಲಿ ಬೆಂದಿರೋ ವಾಸನೆ ಬಂತು" ಎಂದು ಮಂಡಿಯೂರಿ ನಮಸ್ಕಾರ ಮಾಡಿ, ಎಲೆಯಲ್ಲಿ ಬೆಂದ ಮಟೋಕೆಯ ಮುಂದೆ ಕೂತುಬಿಡುತ್ತಿದ್ದಳು. ಏಳು ತುಂಬಿದ ವರ್ಷ ಮೂರು ದಿನದ ಜ್ವರಕ್ಕೆ ಹೋದಳು. ನಮ್ಮಲ್ಲಿ ಮಗು ಅಪ್ಪನ ಕುಲದ್ದು, ಮಣ್ಣೂ ಅಪ್ಪನ ಕುಲದ್ದೇ. ಗಂಡ ಸೆಬುನ್ಯ ಹೆಣವನ್ನು ಮರದ ತೊಗಟೆ ಬಡಿದು ಮಾಡಿದ ಬಟ್ಟೆಯಲ್ಲಿ ಸುತ್ತಿ, ಒಂದು ಹಗಲಿನ ದಾರಿಯಾಚೆ ಸಿಂಗೋ ಸೀಮೆಯಲ್ಲಿದ್ದ ತನ್ನ ಕುಲದ ಸ್ಮಶಾನಕ್ಕೆ ಒಯ್ದ. ಒಯ್ದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ. ತಿರುಗಿ ಬರಲಿಲ್ಲ.

ಹೀಗೆ ನಬುಕೇರಳಿಗೆ ಮಗಳ ಗೋರಿಯೂ ಇಲ್ಲದೆ ಉಳಿದದ್ದು ಅಡುಗೆಮನೆಯ ಹಿಂದಿನ ಆ ಬುಡ ಒಂದೇ. ಮಧ್ಯಾಹ್ನ ಅದರ ನೆರಳಲ್ಲಿ ಕೂತು ಮಟೋಕೆ ಸಿಪ್ಪೆ ತೆಗೆಯುತ್ತಿದ್ದಳು. ಮಾತೂ ಆಡುತ್ತಿದ್ದಳು. "ಇವತ್ತು ಕಡಲೆಕಾಯಿ ಸಾರು ಕಣೇ, ನಿಂಗಿಷ್ಟ ಅಂತ" ಎನ್ನುವುದು ಕಾಫಿಗಿಡದ ಈಚೆ ನನ್ನ ಕಿವಿಗೆ ಬಿದ್ದಿದೆ. ಊರಿನವರು ಅವಳನ್ನು ನಮಿರೆಂಬೆ ಅಮ್ಮ ಎಂದು ಕರೆಯುವುದನ್ನು ಬಿಡಲಿಲ್ಲ. ಬಿಟ್ಟವರನ್ನು ಅವಳೇ ಗದರಿ ಕರೆಸಿಕೊಂಡಳು.

ಆಮೇಲೆ ಬಾಡುರೋಗ ಬಂತು. ಮೊದಲು ಹೆಂಡದ ಬಾಳೆಗೆ. ಗೊನೆಯ ತುದಿಯ ಹೂವು ಸುಕ್ಕಿ ಕಪ್ಪಾಗುವುದು, ಎಲೆ ಬಿಸಿನೀರು ಹೊಯ್ದಂತೆ ಹಳದಿಯಾಗಿ ಜೋಲುವುದು, ಕಾಯಿ ಬಲಿಯುವ ಮೊದಲೇ ಹಣ್ಣಾಗುವುದು. ಕೊಯ್ದು ನೋಡಿದರೆ ಒಳಗೆ ತುಕ್ಕಿನ ಬಣ್ಣ. ದಿಂಡು ಕಡಿದರೆ ಕೀವಿನಂಥ ಹಳದಿ ರಸ. ಹೆಂಡ ಮಾಡುವ ಸೆಂಕುಬುಗೆ ತಾತ, ಇದು ಯಾರೋ ಮಾಡಿಸಿದ ಮಾಟ ಎಂದ. ಅದು ಹರಡಿದ್ದು ನಮ್ಮ ಕೈಯಿಂದಲೇ ಎಂದು ಆಗ ಯಾರಿಗೆ ಗೊತ್ತಿತ್ತು? ನೆರೆಮನೆಯ ಗೊನೆ ಕಡಿದ ಕತ್ತಿಯನ್ನೇ ತಂದು ನಮ್ಮ ತೋಟಕ್ಕಿಡುತ್ತಿದ್ದೆವು. ಕಂದು ಕೇಳಿದವರಿಗೆ ಇಲ್ಲ ಎನ್ನುವುದು ನಮ್ಮಲ್ಲಿ ನೀರು ಕೇಳಿದವರಿಗೆ ಇಲ್ಲ ಎಂದ ಹಾಗೆ. ಮದುವೆಯಾಗಿ ಹೋಗುವ ಮಗಳ ಕೈಗೆ ಕಂದು, ಹೊಸ ಮನೆ ಹೂಡಿದ ತಮ್ಮನಿಗೆ ಕಂದು. ಪ್ರೀತಿಯಿಂದ ಕೊಟ್ಟ ಒಂದೊಂದು ಕಂದಿನ ಜೊತೆಗೂ ರೋಗವನ್ನು ಹೊರಿಸಿ ಕಳಿಸಿದೆವು.

ಕೃಷಿ ಅಧಿಕಾರಿ ಕಟೆರೆಗ ಮೋಟಾರುಬೈಕಿನಲ್ಲಿ ಬಂದು ಹಲಸಿನ ಮರದ ಕೆಳಗೆ ಸಭೆ ಮಾಡಿದ. ಔಷಧಿ ಇಲ್ಲ, ಬುಡಸಮೇತ ಕಿತ್ತು ಹೂಳಬೇಕು, ಆರು ತಿಂಗಳು ಆ ಮಣ್ಣಿಗೆ ಬಾಳೆ ಇಡಕೂಡದು, ಆಮೇಲೆ ರೋಗವಿಲ್ಲದ ಸಸಿಯನ್ನೇ ನೆಡಬೇಕು ಎಂದ. ಜನ ಎದ್ದುಹೋದರು. ಕೂತು ಪ್ರಶ್ನೆ ಕೇಳಿದವಳು ನಬುಕೇರ ಒಬ್ಬಳೇ. ಅವನು ಅವಳನ್ನು ಜಿಲ್ಲೆಯ ತೋಟಕ್ಕೆ ಒಂದು ವಾರದ ತರಬೇತಿಗೆ ಕಳಿಸಿದ. ಹೋದವಳು ನೆರೆಮನೆಯ ಹೆಂಗಸಾಗಿ ಹೋದಳು, ಬಂದವಳು ಊರಿಗೇ ಪೀಡೆಯಾಗಿ ಬಂದಳು.

ಮನೆಮನೆಗೂ ಹೋದಳು. ಬೈದವರ ಬೈಗುಳ ತಿಂದಳು, ನಾಯಿ ಬಿಟ್ಟವರ ಮನೆಗೆ ಮರುದಿನ ಕೋಲು ಹಿಡಿದು ಹೋದಳು. ಕಡಿದ ಒಂದು ಕಾಯಿಯನ್ನು ಕೈಯಲ್ಲಿ ಹಿಡಿದು, ಒಳಗಿನ ತುಕ್ಕನ್ನು ಎಲ್ಲರ ಕಣ್ಣಿಗೆ ಹಿಡಿದಳು. ಆರು ತಿಂಗಳಲ್ಲಿ ಊರಿನ ಅರ್ಧ ತೋಟ ಕೊಳೆತು ಬಿದ್ದಾಗ ಜನ ಸೋತರು. ರೋಗದ ಬುಡಗಳನ್ನಷ್ಟೇ ಅಲ್ಲ, ಪಕ್ಕದವನ್ನೂ ಅಗೆಯುವುದೆಂದು ತೀರ್ಮಾನವಾಯಿತು.

ನನ್ನ ತೋಟಕ್ಕೆ ಅವಳೇ ನಿಂತು ಅಗೆಸಿದಳು. ಮಕ್ಕಳ ಆರು ಬುಡಗಳಲ್ಲಿ ಮೂರಕ್ಕೆ ಏನೂ ಆಗಿರಲಿಲ್ಲ. ಕೊನೆಯವನ ಬುಡದಲ್ಲಂತೂ ಗೊನೆ ತೂಗುತ್ತಿತ್ತು. ನಾನು ಗುದ್ದಲಿಗೆ ಅಡ್ಡ ನಿಂತೆ.

"ಇದೊಂದ್ ಬಿಡೇ. ಹಸಿರಾಗಿದೆ ನೋಡು, ಕಣ್ಣಿಲ್ವಾ ನಿಂಗೆ?"

"ಕಣ್ಣಿಗ್ ಕಾಣ್ಸಲ್ಲ ಅಂದ್ರೆ ಒಳಗಿಲ್ಲ ಅಂತಲ್ಲ, ಅಕ್ಕ. ಒಂದ್ ಬುಡ ಉಳಿದ್ರೂ ಸಾಕು, ಊರೆಲ್ಲ ಮಾಡಿದ್ದು ಮಣ್ಣುಪಾಲು."

"ನನ್ ಮಗಂದು ಕಣೇ ಅದು!"

"ಗೊತ್ತು," ಎಂದಳು. ಅವಳ ಮುಖದಲ್ಲಿ ಏನೂ ಕದಲಲಿಲ್ಲ. "ಮಗ ಇದಾನಲ್ಲ ಅಕ್ಕ, ಶಾಲೇಲಿ ಚೆನ್ನಾಗಿ ಓದ್ತಿದಾನಲ್ಲ. ಪಕ್ಕಕ್ಕೆ ಬಾ."

ಪಕ್ಕಕ್ಕೆ ಬಂದೆ. ಆರೂ ಬುಡ ಗುಂಡಿ ಸೇರಿದವು. ಅಂದಿನಿಂದ ಅವಳ ಜೊತೆ ಮಾತು ಬಿಟ್ಟೆ. ದಾರಿಯಲ್ಲಿ ಎದುರಾದರೆ ನಮಸ್ಕಾರಕ್ಕೂ ಬಾಯಿ ಬಿಚ್ಚಲಿಲ್ಲ. ನಮ್ಮ ಸೀಮೆಯಲ್ಲಿ ನಮಸ್ಕಾರ ನುಂಗುವುದು ಕಪಾಳಕ್ಕೆ ಹೊಡೆದದ್ದಕ್ಕಿಂತ ಹೆಚ್ಚು. ಅವಳು ಮಾತ್ರ ಪ್ರತಿ ಸಲವೂ ನಿಂತು, "ಚೆನ್ನಾಗ್ ಮಲ್ಗಿದ್ರಾ ಅಕ್ಕ, ಮನೇಲೆಲ್ಲ ಹೇಗಿದಾರೆ" ಎಂದು ಪೂರಾ ಕೇಳಿ, ಉತ್ತರ ಬಾರದೆ ಮುಂದೆ ಹೋಗುತ್ತಿದ್ದಳು.

ಎರಡು ವರ್ಷ ಮರಗೆಣಸು ತಿಂದೆವು. ಜೋಳದ ಗಂಜಿ ಕುಡಿದೆವು. ನಮ್ಮಲ್ಲಿ ಊಟ ಎಂದರೆ ಮಟೋಕೆ, ಮಿಕ್ಕಿದ್ದೆಲ್ಲ ಹೊಟ್ಟೆ ತುಂಬಿಸುವ ಉಪಾಯ. ಮದುವೆಗೆ ಬಂದ ನೆಂಟರ ಮುಂದೆ ಮರಗೆಣಸಿಟ್ಟು ತಲೆ ತಗ್ಗಿಸಿದ ದಿನಗಳು ನನಗೆ ಇನ್ನೂ ನೆನಪಿವೆ.

ಆ ಎರಡು ವರ್ಷದಲ್ಲಿ ನಬುಕೇರ ಸಸಿ ಮಾಡಲು ಕಲಿತಳು. ಜಿಲ್ಲೆಯ ಪ್ರಯೋಗಶಾಲೆಯಿಂದ ಗಾಜಿನ ಬುಡ್ಡಿಯಲ್ಲಿ ಬೆಳೆದ ಬೆರಳುದ್ದದ ನಲವತ್ತು ಸಸಿ ತಂದು, ಮನೆಯ ಮುಂದೆ ಬೇಲಿ ಕಟ್ಟಿ ಬೆಳೆಸಿದಳು. ಅದು ತಾಯಿತೋಟ. ಅದರೊಳಗೆ ಅವಳು ಮತ್ತು ನನ್ನ ಸೊಸೆ ನಸೂನ ಬಿಟ್ಟರೆ ಯಾರಿಗೂ ಕಾಲಿಡಲು ಅಪ್ಪಣೆಯಿರಲಿಲ್ಲ. ಹೌದು, ನನ್ನ ಸೊಸೆಯೇ! ಮುಲಿಂದ್ವನ ಹೆಂಡತಿ ನಾನು ಬೇಡವೆಂದರೂ ಅಲ್ಲಿ ಕೆಲಸಕ್ಕೆ ಸೇರಿದಳು. ದಿನಾ ಬಂದು ನನ್ನೆದುರು ಎಲ್ಲವನ್ನೂ ಒಪ್ಪಿಸುತ್ತಿದ್ದಳು. ನಾನು ಕೇಳಿಸದವಳಂತೆ ಕೂತು ಒಂದಕ್ಷರ ಬಿಡದೆ ಕೇಳುತ್ತಿದ್ದೆ.

ತಾಯಿತೋಟದ ಕಂದುಗಳನ್ನು ಕಿತ್ತು, ಬೇರೆಲ್ಲ ಹೆರೆದು, ಗೆಡ್ಡೆ ಬೆಳ್ಳಗೆ ಹೊಳೆಯುವಂತೆ ಸಿಪ್ಪೆ ತೆಗೆದು, ಕುದಿಯುವ ನೀರಿನಲ್ಲಿ ಮೂವತ್ತು ಎಣಿಸುವಷ್ಟು ಹೊತ್ತು ಅದ್ದುವುದು. ಸುಳಿಯ ನಡುವೆ ಕತ್ತಿಯಿಂದ ಶಿಲುಬೆಯಂತೆ ಗೀರುವುದು. ಒಂದು ಗೆಡ್ಡೆ ಗೀರಿದ ಕತ್ತಿ ಬೆಂಕಿ ಮುಟ್ಟದೆ ಇನ್ನೊಂದನ್ನು ಮುಟ್ಟಬಾರದು. ಡ್ರಮ್ಮಿನಲ್ಲಿ ಹಬೆಯಲ್ಲಿ ಬೇಯಿಸಿದ ಮರದ ಹೊಟ್ಟನ್ನು ಪೆಟ್ಟಿಗೆಗೆ ತುಂಬಿ, ಗೆಡ್ಡೆಗಳನ್ನು ಅದರಲ್ಲಿ ಹೂತು, ಮೇಲೆ ಪ್ಲಾಸ್ಟಿಕ್ ಹಾಳೆಯ ಗೂಡು. ಒಳಗೆ ಬೆವರುವಷ್ಟು ಸೆಕೆ. ತಿಂಗಳಾಗುವಷ್ಟರಲ್ಲಿ ಒಂದು ಗೆಡ್ಡೆಯ ಸುತ್ತ ಮೂವತ್ತು ನಲವತ್ತು ಮೊಳಕೆ. ಅವನ್ನು ಬಿಡಿಸಿ ಚೀಲಕ್ಕೆ ಹಾಕಿ, ನೆರಳಲ್ಲಿ ಬೆಳೆಸಿ, ಸ್ವಲ್ಪಸ್ವಲ್ಪವೇ ಬಿಸಿಲಿಗೆ ಒಗ್ಗಿಸುವುದು.

"ಬಾಳೆಗೆ ಹೆರಿಗೆ ಮಾಡಿಸ್ತಾಳಂತೇನೇ ನಿಮ್ಮೊಡತಿ?" ಎಂದು ನಾನು ಕೊಂಕು ನುಡಿದರೆ, ನಸೂನ, "ಹೌದತ್ತೆ, ಒಂದೇ ಹೊಟ್ಟೇಲಿ ಮೂವತ್ತು. ನೀವು ಆರಕ್ಕೇ ಸುಸ್ತಾದ್ರಿ" ಎನ್ನುತ್ತಿದ್ದಳು. ನಾಲಿಗೆ ಉದ್ದವೇ ಅವಳದ್ದು.

ಮೊದಲ ಸಸಿಗಳು ಹೊರಬಿದ್ದವು. ಹನ್ನೊಂದು ಮನೆಗಳಿಗೆ ಮೊದಲ ಸರದಿ ಬಂತು. ಎಲ್ಲರೂ ನರ್ಸರಿಯ ಬಾಗಿಲಿಗೆ ಹೋಗಿ ತಂದರು. ನನ್ನ ಇಪ್ಪತ್ತು ಸಸಿಗಳನ್ನು ಮಾತ್ರ ನಬುಕೇರ ತಾನೇ ತಲೆಯ ಮೇಲೆ ಹೊತ್ತು ಎರಡು ಸಲ ಓಡಾಡಿ ತಂದಿಟ್ಟಳು. ಅಂಗಳದಲ್ಲಿ ಮಂಡಿಯೂರಿ, "ಅಕ್ಕ, ಇವನ್ನ ನಿನ್ ಅಡುಗೆಮನೆ ಪಕ್ಕ ನೆಡು. ಅಲ್ಲೇ ನೆಡು, ಏನು?" ಎಂದಳು.

ನನ್ನ ಸಿಟ್ಟು ಯಾವಾಗ ಇಳಿಯಿತೋ ತಿಳಿಯದು. "ಚೆನ್ನಾಗ್ ಮಲ್ಗಿದ್ಯಾ?" ಎಂದು ನನ್ನ ಬಾಯಿಂದ ಬಂದೇಬಿಟ್ಟಿತು. ಅವಳು ಅಳಲಿಲ್ಲ. "ಮಲ್ಗಿದ್ದೆ ಅಕ್ಕ" ಎಂದು, ಅಂಗಳದಲ್ಲಿ ಕೂತು ನಾನು ಕೊಟ್ಟ ನೀರು ಕುಡಿದು ಹೋದಳು.

ಸಸಿಗಳು ಎಷ್ಟು ಚೆನ್ನಾಗಿ ಬಂದವೆಂದರೆ, ಎಂಟನೇ ತಿಂಗಳಿಗೆ ಎಲೆಯ ನೆರಳು ಅಡುಗೆಮನೆಯ ಗೋಡೆ ಮುಟ್ಟಿತು. ನಾನು ದಿನಕ್ಕೆ ನಾಲ್ಕು ಸಲ ಹೋಗಿ ನೋಡುತ್ತಿದ್ದೆ. ಮಟೋಕೆಯ ಆಸೆ, ಮತ್ತೇನು?

ಆಗ ಒಂದು ಬೆಳಿಗ್ಗೆ ನಬುಕೇರ ಗುದ್ದಲಿ ಹಿಡಿದು ಅಂಗಳಕ್ಕೆ ಬಂದಳು. ನಮಸ್ಕಾರ ಮಾಡಲಿಲ್ಲ.

"ಅಕ್ಕ, ನಿನ್ ಸಸಿ ಅಗೀಬೇಕು. ಇಪ್ಪತ್ತೂ."

"ಬೆಳಿಗ್ಗೆ ಬೆಳಿಗ್ಗೆ ಹೆಂಡ ಕುಡಿದ್ಯೇನೇ?"

"ಬಾ, ತೋರಿಸ್ತೀನಿ."

ಕಾಫಿಸಾಲು ದಾಟಿ ಅವಳ ಅಡುಗೆಮನೆಯ ಹಿಂದಕ್ಕೆ ಹೋದೆ. ಊರೆಲ್ಲ ಅಗೆದ ಮೇಲೆ ನಾನು ಆ ಕಡೆ ಹೋಗಿರಲಿಲ್ಲ. ಮಾತೇ ಇಲ್ಲದವಳ ಹಿತ್ತಿಲಿಗೆ ಯಾಕೆ ಹೋಗುವುದು? ಮಾತು ಕೂಡಿದ ಮೇಲೂ ಅವಳೇ ನನ್ನ ಅಂಗಳಕ್ಕೆ ಬರುತ್ತಿದ್ದಳು. ಕಾಫಿಗಿಡಗಳ ಮರೆಯಲ್ಲಿ, ಜೊಂಡಿನ ತಡಿಕೆ ಕಟ್ಟಿ, ಯಾರ ಕಣ್ಣಿಗೂ ಬೀಳದ ಹಾಗೆ ಅದು ನಿಂತಿತ್ತು. ನಮಿರೆಂಬೆಯ ಬುಡ. ಮೂರು ಗಿಡದ ಎಲೆ ಹಳದಿಯಾಗಿ ಜೋತಿತ್ತು.

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದದ್ದೇ ಅವಳ ತೋಳು ಹಿಡಿದು ಅಲುಗಾಡಿಸಿದೆ.

"ನನ್ನ ಆರು ಮಕ್ಕಳ ಬುಡಾನ ನಿಂತು ಅಗೆಸಿದ್ಯಲ್ಲೇ! ನಾನು ನಿನ್ ಕಾಲ್ ಹಿಡಿಯೋದೊಂದ್ ಬಾಕಿ ಇತ್ತಲ್ಲೇ! ಒಂದ್ ಬುಡ ಉಳಿದ್ರೂ ಮಣ್ಣುಪಾಲು ಅಂದ್ಯಲ್ಲ, ಇದೇನಿದು? ಇದು ಬುಡ ಅಲ್ವಾ?"

"ನಿನ್ ಮಕ್ಕಳು ಬದುಕಿದಾರೆ ಅಕ್ಕ," ಎಂದಳು.

ಅಷ್ಟೇ ಹೇಳಿದ್ದು. ನಾನು ಕೈ ಬಿಟ್ಟೆ. ಇಬ್ಬರೂ ಅಲ್ಲೇ ಒಣಗಿದ ಎಲೆಯ ಮೇಲೆ ಕೂತೆವು. ಅವಳು ಎಲ್ಲವನ್ನೂ ಹೇಳಿದಳು.

ಅಗೆಯುವ ದಿನ ಗುದ್ದಲಿ ಎತ್ತಿದ್ದಳಂತೆ, ಇಳಿಸಲು ಆಗಲಿಲ್ಲವಂತೆ. ಹಸಿರಾಗಿದೆಯಲ್ಲ ಎಂದುಕೊಂಡಳು. ಅದಕ್ಕೆಂದೇ ಬೇರೆ ಕತ್ತಿ ಇಟ್ಟಳು. ಜೇನು ಕೂತು ರೋಗ ತರದಿರಲೆಂದು ಹೂವನ್ನು ಕತ್ತಿ ತಾಗಿಸದೆ ಕವೆಗೋಲಿನಿಂದ ಮುರಿದಳು. ಒಂದು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು, ಏನೂ ಆಗಲಿಲ್ಲ. ಆಮೇಲೆ ಅವಳಿಗೆ ಧೈರ್ಯ ಬಂತು.

"ಒಂದ್ ಕಂದು ಕಿತ್ತು ತಾಯಿತೋಟಕ್ ಇಟ್ಟೆ ಅಕ್ಕ. ನಸೂನಂಗೂ ಹೇಳ್ಲಿಲ್ಲ."

"ಯಾಕೆ? ನಲವತ್ತು ಸಸಿ ಸಾಲ್ದೇ ಇತ್ತಾ?"

"ಅವಳೊಬ್ಬಳೇ ಇದಾಳೆ ಅನ್ನಿಸ್ತು. ಊರವರ ಮಕ್ಕಳ ಬುಡ ಎಲ್ಲಾ ಹೋಯ್ತು, ಆಡೋಕೂ ಯಾರೂ ಇಲ್ಲ. ಅವಳದ್ದೇ ಕಂದು ಎಲ್ಲರ ಹಿತ್ತಿಲಲ್ಲೂ ಇದ್ರೆ, ಎಲ್ಲರ ಮನೆಗೂ ಹೋಗಿ ಬರ್ತಾಳೆ ಅಂತ... ಮೊದ್ಲಿನ ಹಾಗೆ." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಅದರ ಒಂದು ಗೆಡ್ಡೆಯಿಂದ ಮೂವತ್ತೆರಡು ಸಸಿ ಬಂತು. ನಿಂಗ್ ಕೊಟ್ಟ ಇಪ್ಪತ್ತೂ ಅದ್ರದ್ದೇ. ಮಿಕ್ಕ ಹನ್ನೆರಡು ಉಳಿದ ಹತ್ತು ಮನೆಗೆ ಹೋದ್ವು. ಅವಳಿಗೆ ನಿಮ್ಮನೆ ಅಡುಗೆ ಅಂದ್ರೆ ಪ್ರಾಣ ಅಲ್ವಾ ಅಕ್ಕ."

ಅಡುಗೆಮನೆಯ ಪಕ್ಕದಲ್ಲೇ ನೆಡು ಎಂದದ್ದು ಯಾಕೆಂದು ಆಗ ಹೊಳೆಯಿತು. ದಿನಕ್ಕೆ ನಾಲ್ಕು ಸಲ ನಾನು ನೋಡಿ ಬರುತ್ತಿದ್ದ ಗಿಡಗಳು. ನನಗೆ ಅಳು ಬಂತು. ಅವಳ ಮೇಲಿನ ಸಿಟ್ಟಿಗೋ, ಆ ಹುಡುಗಿಯ ನೆನಪಿಗೋ ಹೇಳಲಾರೆ. ಇಬ್ಬರೂ ಚೆನ್ನಾಗಿ ಅತ್ತೆವು.

ಆ ಮೂವತ್ತೆರಡು ಸಸಿಗಳಲ್ಲಿ ರೋಗ ಕಂಡಿರಲಿಲ್ಲ. ಕಂಡಿಲ್ಲವೆಂದರೆ ಇಲ್ಲವೆಂದಲ್ಲ. ತಾಯಿತೋಟದಲ್ಲಿ ಅದರ ಅಕ್ಕಪಕ್ಕದ ಬುಡಗಳು, ಅವುಗಳ ಗೆಡ್ಡೆಗಳ ಜೊತೆ ಒಂದೇ ಪೆಟ್ಟಿಗೆಯಲ್ಲಿ ಕೂತ ಮಿಕ್ಕ ಗೆಡ್ಡೆಗಳು, ನರ್ಸರಿಯಲ್ಲಿ ಮುಂದಿನ ವಾರ ಹಂಚಲು ನಿಂತ ಆರುನೂರು ಸಸಿ, ಯಾವುದರಲ್ಲಿ ಇದೆ ಯಾವುದರಲ್ಲಿ ಇಲ್ಲ ಎಂದು ಹೇಳುವವರು ಯಾರು? ಎಲ್ಲ ಹೋಗಬೇಕು. ಊರು ಇನ್ನೊಂದು ವರ್ಷ ಮರಗೆಣಸು ತಿನ್ನಬೇಕು.

ಅಂದೇ ಮಧ್ಯಾಹ್ನ ಕಟೆರೆಗನನ್ನು ಕರೆಸಿದಳು. ಅವನು ನೋಡಿ ತಲೆಯ ಮೇಲೆ ಕೈ ಹೊತ್ತು ಕೂತ. ಕೆಟ್ಟವನಲ್ಲ ಅವನು.

"ಅಮ್ಮಾ, ಸಸಿ ಎಲ್ಲಾ ತೆಗೀಲೇಬೇಕು, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಈ ಬುಡದ ವಿಷ್ಯ ಸಭೇಲಿ ಎತ್ತಬೇಡಿ. ಜೇನು ತಂತು, ಗಾಳಿ ತಂತು, ಏನೋ ಒಂದು ಹೇಳೋಣ. ನೀವೇ ಬಚ್ಚಿಟ್ಟಿದ್ರಿ ಅಂತ ಗೊತ್ತಾದ್ರೆ ಇನ್ಮೇಲೆ ನಿಮ್ ಕೈಯಿಂದ ಯಾರೂ ಒಂದ್ ಸಸಿ ಮುಟ್ಟಲ್ಲ. ನರ್ಸರಿ ಮುಚ್ಚಿದ ಹಾಗೇ."

ನಬುಕೇರ ನನ್ನ ಮುಖ ನೋಡಿದಳು. ನಿಜ ಹೇಳುತ್ತೇನೆ, ನನಗೂ ಅವನ ಮಾತು ಸರಿ ಎನ್ನಿಸಿತು. ನಾನು ಬಾಯಿ ಬಿಡದಿದ್ದರೆ ಯಾರಿಗೂ ತಿಳಿಯುವಂತಿರಲಿಲ್ಲ. "ನನ್ ಬಾಯಿಂದ ಹೊರಗ್ ಹೋಗಲ್ಲ ಕಣೇ" ಎಂದೆ.

ಅವಳು ತಲೆ ಅಲ್ಲಾಡಿಸಿದಳು. ಆಮೇಲೆ ಹೇಳಿದಳು: "ಜೇನು ತಂತು ಅಂದ್ರೆ ಅವರು ಜೇನಿಗ್ ಹೆದರ್ತಾರೆ. ನಮ್ ಕೈಗ್ ಹೆದರಲ್ಲ. ನಾಳೆ ಇನ್ನೊಬ್ಬಳು ತನ್ ಮಗೂ ಬುಡ ಉಳಿಸ್ಕೋತಾಳೆ."

ಮರುದಿನ ಹಲಸಿನ ಮರದ ಕೆಳಗೆ ಊರು ಸೇರಿತು. ನಬುಕೇರ ನಡುವೆ ಮಂಡಿಯೂರಿ ಕೂತು, ಗುದ್ದಲಿ ಎತ್ತಿ ಇಳಿಸದ ದಿನದಿಂದ ಹಿಡಿದು ಕಂದು ನೆಟ್ಟದ್ದರವರೆಗೆ ಒಂದನ್ನೂ ಬಿಡದೆ ಹೇಳಿದಳು. ಆಮೇಲೆ ಎಲ್ಲರೂ ಒಟ್ಟಿಗೆ ಬಾಯಿ ಮಾಡಿದರು. ಸೆಂಕುಬುಗೆ ತಾತ ಎದ್ದು ಕೋಲು ನೆಲಕ್ಕೆ ಕುಟ್ಟಿದ.

"ನನ್ ಒಂಬತ್ತು ಮಕ್ಕಳ ಬುಡ ಅಗೆಸ್ದೋಳು ನೀನು! ಅತ್ತಾಗ ನನ್ನ ಕುಡುಕ ಅಂದೆ. ಈಗ ಏನ್ ಹೇಳ್ತೀಯಮ್ಮ, ಓದಿ ಬಂದೋಳೇ?"

"ಏನೂ ಹೇಳಲ್ಲ ತಾತ. ನೀವ್ ಹೇಳಿ, ಕೇಳ್ತೀನಿ."

"ಹೇಳೋದೇನು! ನಿನ್ ಸಸಿ ನನ್ ಹಿತ್ತಿಲಿಗ್ ಬಂದ್ರೆ ಕಾಲಲ್ಲಿ ತುಳೀತೀನಿ!"

ಒಬ್ಬೊಬ್ಬರಾಗಿ ಎಲ್ಲರೂ ಹೇಳಿದರು. ಸೂರ್ಯ ನೆತ್ತಿಯಿಂದ ಇಳಿಯುವವರೆಗೂ ಅವಳು ಮಂಡಿಯಿಂದ ಏಳಲಿಲ್ಲ. ಕೊನೆಗೆ ಬೈಗುಳವೂ ತೀರಿದಾಗ, "ಹನ್ನೊಂದು ಮನೇದೂ ನಾನೇ ಬಂದು ಅಗೀತೀನಿ. ಯಾರೂ ಗುದ್ದಲಿ ಎತ್ತೋದ್ ಬೇಡ. ಮೊದ್ಲು ನಂದು ಅಗೀತೀನಿ, ನೋಡ್ಬೇಕು ಅನ್ನೋರು ಬನ್ನಿ" ಎಂದಳು.

ಎಲ್ಲರೂ ಹೋದರು. ನೋಡಿ ಆನಂದಪಡಲು ಹೋದವರೂ ಇದ್ದರು, ಸುಳ್ಳಾಡಲಾರೆ. ಅವಳು ತಡಿಕೆ ಕಿತ್ತೆಸೆದಳು. ಗುದ್ದಲಿ ಎತ್ತಿದಳು. ಅದು ಮೇಲೆಯೇ ನಿಂತಿತು.

ನಾನು ಹೋಗಿ ಅವಳ ಹಿಂದೆ ನಿಂತೆ. ಹಿಡಿಯ ಮೇಲೆ ಅವಳ ಕೈ ಪಕ್ಕ ನನ್ನ ಕೈ ಇಟ್ಟೆ. "ಇಳ್ಸೇ" ಎಂದೆ. ಇಬ್ಬರೂ ಸೇರಿ ಇಳಿಸಿದೆವು. ಮೊದಲ ಏಟಿಗೆ ಅವಳ ಬಾಯಿಂದ ಬಂದ ಸದ್ದನ್ನು ಬರೆಯಲು ನನಗೆ ಅಕ್ಷರವಿಲ್ಲ. ಆಮೇಲೆ ಅವಳೇ ಅಗೆದಳು. ಅರ್ಧ ಬುಡ ಎದ್ದಾಗ ಸೆಂಕುಬುಗೆ ತಾತ ಕೋಲನ್ನು ಮರಕ್ಕೆ ಒರಗಿಸಿ, ಮಣ್ಣು ಎಳೆಯಲು ಕೂತ. ಗೆಡ್ಡೆಯ ಕೆಳಗೆ ಏನೂ ಇರಲಿಲ್ಲ, ಕರಿಮಣ್ಣು ಮತ್ತು ಬೇರು. ಏನಿರುತ್ತದೆ, ಅಷ್ಟು ವರ್ಷದ ಮೇಲೆ? ಅವಳು ಮಾತ್ರ ಅದನ್ನು ಅಂಗೈಯಲ್ಲಿ ಪುಡಿ ಮಾಡಿ ಮಾಡಿ ನೋಡಿದಳು.

ನನ್ನ ಇಪ್ಪತ್ತನ್ನು ನಾನೇ ಅಗೆದೆ. ಅವಳಿಗೆ ಬಿಡಲಿಲ್ಲ.

ಒಂದು ವರ್ಷ ಯಾರೂ ಅವಳ ನರ್ಸರಿಯ ಕಡೆ ಮುಖ ಹಾಕಲಿಲ್ಲ. ಅವಳು ಮತ್ತು ನಸೂನ ಇಬ್ಬರೇ ಬೇರೆ ಜಾಗದಲ್ಲಿ ಹೊಸ ಬೇಲಿ ಕಟ್ಟಿ, ಬುಡ್ಡಿಯ ಸಸಿಗಳಿಂದ ಮತ್ತೆ ಮೊದಲಿನಿಂದ ಶುರುಮಾಡಿದರು. ತಾಯಿತೋಟದ ಬೀಗದ ಕೈಯನ್ನು ನಬುಕೇರ ತನ್ನ ಹತ್ತಿರ ಇಟ್ಟುಕೊಳ್ಳಲಿಲ್ಲ. ನನಗೆ ಕೊಟ್ಟಳು. "ನಿಂಗ್ ಹೇಳ್ದೆ ಒಳಗ್ ಹೋಗಲ್ಲ ಅಕ್ಕ, ನನ್ ಮೇಲೆ ನಂಗೇ ನಂಬಿಕೆ ಇಲ್ಲ" ಎಂದಳು. ದಿನಾ ಬೆಳಿಗ್ಗೆ ಕೀಲಿಗೆ ನನ್ನ ಅಂಗಳಕ್ಕೆ ಬರುತ್ತಿದ್ದಳು. ಬಂದು ನೀರಿನ ಜೊತೆ ನನ್ನ ಬೈಗುಳವನ್ನೂ ಕುಡಿದು ಹೋಗುತ್ತಿದ್ದಳು.

ಎರಡನೇ ಸರದಿಯ ಸಸಿಗಳನ್ನು ಮೊದಲು ಕೇಳಲು ಬಂದವನು ಸೆಂಕುಬುಗೆ ತಾತ. "ತನ್ ಮಗಳ ಬುಡಾನೇ ಊರೆದುರು ಅಗೆದೋಳು, ಇನ್ ಯಾರ್ದೂ ಬಿಡಲ್ಲ ಇವಳು. ಕೊಡಮ್ಮ ಮೂವತ್ತು" ಎಂದ. ಅವನ ಹಿಂದೆ ಊರು ಬಂತು. ಮುಂದಿನ ಹನ್ನೆರಡು ವರ್ಷದಲ್ಲಿ ಏಳು ಹಳ್ಳಿಗಳ ಹಿತ್ತಿಲುಗಳಿಗೆ ಅವಳ ಸಸಿ ಹೋಯಿತು. ಒಂದು ಬುಡವೂ ಬಾಡಲಿಲ್ಲ. ಮಕ್ಕಳು ಹುಟ್ಟಿದ ಮನೆಯವರು ಮಾಸು ಹೂಳಲು ನರ್ಸರಿಯ ಸಸಿಯನ್ನೇ ಕೇಳಿ ಒಯ್ಯುವುದು ರೂಢಿಯಾಯಿತು. ಅಂಥವರಿಗೆ ಅವಳು ತಾನೇ ಆರಿಸಿ ಕೊಡುತ್ತಿದ್ದಳು.

ಅಡುಗೆಮನೆಯ ಹಿಂದಿನ ಆ ಜಾಗ ಮಾತ್ರ ಖಾಲಿ ಉಳಿಯಿತು. ಆರು ತಿಂಗಳು ಕಳೆದ ಮೇಲೆ ನಾನೇ ಒಂದು ಒಳ್ಳೆಯ ಸಸಿ ಆರಿಸಿ ತಂದು, "ನೆಡೇ, ಮಣ್ಣು ಶುದ್ಧವಾಯ್ತಲ್ಲ" ಎಂದೆ.

"ಇನ್ನೂ ಆರು ತಿಂಗಳಾಗಿಲ್ಲ ಅಕ್ಕ," ಎಂದಳು.

"ಆಯ್ತು ಕಣೇ, ಮೇಲೆ ಒಂದು ವಾರಾನೂ ಆಯ್ತು."

"ಇಲ್ಲ, ಆಗಿಲ್ಲ."

ಮರುವರ್ಷವೂ ಕೇಳಿದೆ, ಅದೇ ಉತ್ತರ. ಏಳು ಹಳ್ಳಿಗೆ ಬೆರಳೆಣಿಸಿ ತಿಂಗಳ ಲೆಕ್ಕ ಹೇಳಿಕೊಡುವವಳಿಗೆ ಆ ಒಂದು ಜಾಗದ ಆರು ತಿಂಗಳು ಮುಗಿಯಲೇ ಇಲ್ಲ. ದಿನಾ ಗುಡಿಸುತ್ತಿದ್ದಳು. ಹುಲ್ಲು ಬೆಳೆಯಲೂ ಬಿಡಲಿಲ್ಲ. "ಸೋಮಾರಿ, ಗಿಡ ನೆಡೋಕೂ ಕಳ್ಳಾಟ" ಎಂದು ಬೈದೆ, ರೇಗಿಸಿದೆ, ಆಮೇಲೆ ಕೇಳುವುದನ್ನೇ ಬಿಟ್ಟೆ.

ಕಳೆದ ಮಳೆಗಾಲ ಹೊಟ್ಟೆಯ ಗೆಡ್ಡೆಯಿಂದ ಸತ್ತಳು. ಊರವರೆಲ್ಲ ನೆರೆದರು. ಸಾವಿನ ಮನೆಗೆ ಬಂದವರ ಊಟಕ್ಕೆ ಸತ್ತವರ ತೋಟವನ್ನೇ ಕಡಿಯುವುದು ನಮ್ಮ ಪದ್ಧತಿ. ಏಳು ಹಳ್ಳಿಯ ಜನ ಬಂದಿದ್ದರು, ಒಬ್ಬರೂ ತಮ್ಮ ಕತ್ತಿಯನ್ನು ಅವಳ ಬೇಲಿ ದಾಟಿಸಲಿಲ್ಲ. ಬಾಗಿಲಲ್ಲಿ ನಸೂನ ಬೆಂಕಿ ಹಾಕಿ ಕೂತಿದ್ದಳು, ಸತ್ತವಳದ್ದೇ ಎರಡು ಕತ್ತಿಗಳು ಒಂದೊಂದು ಬುಡಕ್ಕೂ ಬೆಂಕಿ ಮುಟ್ಟಿ ಮುಟ್ಟಿ ಹೋದವು. ಊಟ ತಡವಾಯಿತು, ಯಾರೂ ಗೊಣಗಲಿಲ್ಲ. ಹೆಣವನ್ನು ಅವಳ ಅಪ್ಪನ ಕುಲದವರು ಬಂದು ಬುಡ್ಡು ಸೀಮೆಗೆ ಒಯ್ದರು. ಮಗಳು ಸಿಂಗೋದಲ್ಲಿ, ತಾಯಿ ಬುಡ್ಡುವಿನಲ್ಲಿ. ನಮಗೆ ಇಲ್ಲಿ ಯಾರ ಗೋರಿಯೂ ಇಲ್ಲ.

ಈಗ ನರ್ಸರಿ ನಸೂನಳದು. ಹೋದ ತಿಂಗಳು ಅವಳು ಅಳತೆ ಹಿಡಿದು ಅಡುಗೆಮನೆಯ ಹಿಂದೆ ಓಡಾಡುತ್ತಿದ್ದಳು. ನಾನು ಪೊರಕೆ ಹಿಡಿದು ಅಲ್ಲೇ ಇದ್ದೆ. ಬೆಳಿಗ್ಗೆ ಆ ಜಾಗ ಗುಡಿಸಿ ಬರುವುದು ನನಗೆ ಅಭ್ಯಾಸವಾಗಿದೆ.

"ಅತ್ತೆ, ಇಷ್ಟ್ ಒಳ್ಳೇ ಮಣ್ಣು, ಹದಿಮೂರು ವರ್ಷದಿಂದ ಸುಮ್ನೆ ಬಿದ್ದಿದೆ. ಇಲ್ಲೊಂದ್ ಪೆಟ್ಟಿಗೆ ಇಡ್ಲಾ? ಇಲ್ಲಾ ಸಸಿ ನೆಡ್ಲಾ?"

ನಾನು ಗುಡಿಸುವುದನ್ನು ನಿಲ್ಲಿಸಲಿಲ್ಲ.

"ಬೇಡ," ಎಂದೆ. "ಇನ್ನೂ ಆರು ತಿಂಗಳಾಗಿಲ್ಲ."